ಕೆಂಪು ಪದರದಲ್ಲಿ ಕಂಡ ಪಾದರಸ

ಪುಣೆಯ ಕಾತ್ರಜ ಘಾಟಿನಲ್ಲಿ ಹೋಗುವವರು ಯಾರೂ ಪಕ್ಕದ ಕಡಿದ ಗುಡ್ಡವನ್ನು ನೋಡುವುದಿಲ್ಲ, ಮುಂದಿನ ಲಾರಿಯನ್ನು ನೋಡುತ್ತಾರೆ. ಸರಿಯೇ, ಜೀವ ಮುಖ್ಯ. ನಾನು ಮಾತ್ರ ಇಪ್ಪತ್ತು ವರ್ಷದಿಂದ ಗುಡ್ಡವನ್ನೇ ನೋಡುತ್ತ ಗಾಡಿ ಹೊಡೆದವಳು. ಅದಕ್ಕೇ ನನ್ನ ಸ್ಕೂಟರಿನ ಹಿಂದೆ ಕೂರಲು ನಮ್ಮವ್ವ ಇವತ್ತಿಗೂ ಒಪ್ಪುವುದಿಲ್ಲ, ಧನಕವಡಿಯ ಮನೆಯಿಂದ ಎಲ್ಲಿಗೆ ಹೋಗುವುದಿದ್ದರೂ ರಿಕ್ಷಾ ಬೇಕು ಎನ್ನುತ್ತಾಳೆ.

ಆ ಗುಡ್ಡದಲ್ಲಿ ಏನಿದೆ ಅಂದರೆ, ಕರಿಕಲ್ಲಿನ ಒಂದು ದಪ್ಪ ಹಾಸು, ಅದರ ಮೇಲೆ ಗೇಣು ದಪ್ಪದ ಕೆಂಪು ಮಣ್ಣಿನ ಗೆರೆ, ಅದರ ಮೇಲೆ ಮತ್ತೆ ಕರಿಕಲ್ಲು. ಹೋಳಿಗೆಯನ್ನು ಮುರಿದು ನೋಡಿದರೆ ಕಣಕದ ನಡುವೆ ಹೂರಣ ಕಾಣುತ್ತದಲ್ಲ, ಹಾಗೆ. ಪುಣೆಯ ಕೆಳಗಿರುವುದೆಲ್ಲ ಲಾವಾ. ಆರೂವರೆ ಕೋಟಿ ವರ್ಷಗಳ ಹಿಂದೆ ಈ ನೆಲ ಬಿರಿದು, ಮತ್ತೆ ಮತ್ತೆ ಬೆಂಕಿಯನ್ನು ಉಗುಳಿತು. ಒಂದು ಸಲ ಹರಿದ ಲಾವಾ ತಣ್ಣಗಾಗಿ, ಮತ್ತೊಂದು ಬರುವವರೆಗೆ ಸಾವಿರಾರು ವರ್ಷದ ಬಿಡುವು. ಆ ಬಿಡುವಿನಲ್ಲಿ ಮಳೆ ಸುರಿದು ಕಲ್ಲು ಮಣ್ಣಾಗುತ್ತಿತ್ತು. ಮುಂದಿನ ಲಾವಾ ಬಂದು ಆ ಮಣ್ಣನ್ನು ಸುಟ್ಟು ಮುಚ್ಚಿಬಿಡುತ್ತಿತ್ತು. ಹಾಗೆ ಸುಟ್ಟ ಮಣ್ಣೇ ಈ ಕೆಂಪು ಪದರ. ಅಂದಿನ ಮಳೆ, ಬಿಸಿಲು, ಹೊಗೆ ಎಲ್ಲದರ ಗುರುತು ಅದರೊಳಗೆ ಉಳಿದಿದೆ. ಅದನ್ನು ಕೆರೆದು ತಂದು ಓದುವುದು ನನ್ನ ಕೆಲಸ.

ಡೈನೋಸಾರುಗಳು, ಅವುಗಳ ಜೊತೆ ಸಮುದ್ರದ ಮುಕ್ಕಾಲು ಪಾಲು ಜೀವಿಗಳು ಅಳಿದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಆಕಾಶದಿಂದ ಒಂದು ದೊಡ್ಡ ಬಂಡೆ ಬಿದ್ದದ್ದು ನಿಜ. ಆದರೆ ಅದಕ್ಕೂ ಮುಂಚೆ ನಮ್ಮ ಈ ಲಾವಾ ಭೂಮಿಯ ಹವೆಯನ್ನು ಎಷ್ಟು ಕೆಡಿಸಿತ್ತು ಎನ್ನುವುದರ ಮೇಲೆ ನಮ್ಮ ಮಂದಿ ಇಂದಿಗೂ ಜಗಳಾಡುತ್ತಾರೆ. ಜ್ವಾಲಾಮುಖಿಯ ಹೊಗೆಯಲ್ಲಿ ಪಾದರಸ ಇರುತ್ತದೆ, ಅದು ಗಾಳಿಯಲ್ಲಿ ತೇಲಿ ಬಂದು ಮಣ್ಣಿಗೆ ಇಳಿಯುತ್ತದೆ. ಯಾವ ಪದರದಲ್ಲಿ ಪಾದರಸ ಹೆಚ್ಚೋ ಆ ಕಾಲದಲ್ಲಿ ಬೆಂಕಿಯೂ ಹೆಚ್ಚು. ಲೆಕ್ಕ ಇಷ್ಟೇ. ಆರು ವರ್ಷ ಕಷ್ಟಪಟ್ಟು ನಾನು ಹನ್ನೊಂದು ಪದರಗಳ ಮಣ್ಣು ತಂದಿದ್ದೆ. ಹತ್ತರಲ್ಲಿ ಪಾದರಸ ಇದ್ದೂ ಇಲ್ಲದಷ್ಟು. ಏಳನೆಯದರಲ್ಲಿ ಮಾತ್ರ ಗೆರೆ ಕಾಗದ ಬಿಟ್ಟು ಮೇಲೆ ಹೋಗುವಷ್ಟು.

ಅದನ್ನು ಕಂಡ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಮಣ್ಣನ್ನು ಅರೆದ ಅದೇ ಪುಡಿಯನ್ನು ಮತ್ತೆ ಅಳೆದೆ, ಮೂರನೇ ಸಲ ಅಳೆದೆ. ಮೂರು ಸಲವೂ ಅಷ್ಟೇ. ಬಂಡೆ ಬೀಳುವ ಮೊದಲೇ ಒಂದು ಮಹಾ ಸ್ಫೋಟ ಭೂಮಿಯನ್ನು ಕಾಯಿಸಿತ್ತು ಎನ್ನಲು ನನ್ನ ಕೈಯಲ್ಲಿ ಪುರಾವೆ ಇತ್ತು. ನಾಲ್ಕು ತಿಂಗಳು ಕೂತು ಲೇಖನ ಬರೆದೆ. ವಿಜ್ಞಾನದ ದೊಡ್ಡ ಪತ್ರಿಕೆಯೊಂದು ಒಪ್ಪಿತು. ಓದಿದ ಪರಿಣತರು ಹೊಗಳಿದರು, ನನ್ನಂಥವಳು ಎರಡೆರಡು ಸಲ ಓದಿಕೊಳ್ಳುವಂತೆ ಹೊಗಳಿದರು. ಇನ್ನು ಉಳಿದದ್ದು ಕೊನೆಯ ಒಪ್ಪಿಗೆ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವುದು. ಅದಕ್ಕೆ ದಸರೆಯವರೆಗೆ ಸಮಯ ಕೊಟ್ಟಿದ್ದರು.

ಈಗ ಕಾಕಾನ ಬಗ್ಗೆ ಹೇಳಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ಕಲ್ಲು ಒಡೆದು ಅರೆಯುವವರು ಅವರು. ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕಲಿತದ್ದು ಮರಾಠಿ. ಹಾಗಾಗಿ ಕನ್ನಡವನ್ನೂ ಮರಾಠಿ ಅಕ್ಷರದಲ್ಲೇ ಬರೆಯುತ್ತಾರೆ. ಇಡೀ ಕಟ್ಟಡದಲ್ಲಿ ನಾನು ಕನ್ನಡ ಮಾತಾಡುವುದು ಅವರೊಬ್ಬರ ಜೊತೆಗೆ, ಜಗಳಾಡುವುದೂ ಅವರ ಜೊತೆಗೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಕಾ ಅದನ್ನು ಮಳೆಯಂತೆ ತಿಳಿದವರು, ಬಂದಾಗ ಸ್ವಲ್ಪ ಬದಿಗೆ ನಿಲ್ಲುತ್ತಾರೆ, ನಿಂತ ಮೇಲೆ ಕೆಲಸ ಮುಂದುವರಿಸುತ್ತಾರೆ.

ಅವರ ಕೆಲವು ಪದ್ಧತಿಗಳು ನನಗೆ ತಲೆನೋವು. ಯಾವ ಕಲ್ಲು ಬಂದರೂ ಮೊದಲು ಸುತ್ತಿಗೆಯಿಂದ ಎರಡು ತುಂಡು ಮಾಡುತ್ತಾರೆ. ಒಂದು ಯಂತ್ರಕ್ಕೆ. ಇನ್ನೊಂದನ್ನು ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿ, ನಂಬರು ಬರೆದು, ಹಾಪೂಸ್ ಮಾವಿನ ಖಾಲಿ ಪೆಟ್ಟಿಗೆಗಳಲ್ಲಿ ತುಂಬಿಡುತ್ತಾರೆ. ಹಾಗೆ ತುಂಬಿ ತುಂಬಿ ಒಂದು ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಗಿತ್ತು. ಇವನ್ನೆಲ್ಲ ಹೊರಗೆ ಹಾಕಿ ಎಂದು ನಾನು ಕಾಗದದ ಮೇಲೇ ಬರೆದುಕೊಟ್ಟಿದ್ದೆ. ಆ ಕಾಗದವನ್ನೂ ಅವರು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಪೆಟ್ಟಿಗೆ ಮಾತ್ರ ಅಲುಗಿರಲಿಲ್ಲ.

ಇನ್ನೊಂದು ಖಂಡೇನವಮಿ. ದಸರೆಯ ಹಿಂದಿನ ದಿನ ಆಯುಧಪೂಜೆ ಈ ಊರಿನಲ್ಲಿ ಎಲ್ಲ ಕಡೆ ನಡೆಯುತ್ತದೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ದೊಡ್ಡ ದೊಡ್ಡ ಲೇತುಗಳಿಗೇ ಹಾರ ಬೀಳುತ್ತದೆ, ನಮ್ಮ ಕಲ್ಲು ಅರೆಯುವ ಯಂತ್ರ ಯಾಕೆ ಬಿಟ್ಟೀತು. ಕಾಕಾ ಜೇಜುರಿಯಿಂದ ತಂದ ಭಂಡಾರವನ್ನು, ಅಂದರೆ ಖಂಡೋಬಾನ ಅರಿಸಿನಪುಡಿಯನ್ನು, ಯಂತ್ರದ ಹೊರಮೈಗೆ ಬಳಿದು, ಒಂದು ಚೆಂಡುಹೂವಿನ ಮಾಲೆ ಹಾಕಿ ಕಾಯಿ ಒಡೆಯುತ್ತಾರೆ. ಕಾಯಿ ಒಡೆಯುವುದೂ ಹೊರಗೆ, ಮೆಟ್ಟಿಲ ಮೇಲೆ. ಒಳಗೆ ಒಂದು ಹನಿ ನೀರು ಬೀಳಬಾರದು.

ಆ ವರ್ಷ, ಪಿತೃಪಕ್ಷ ಮುಗಿಯುತ್ತ ಬಂದಿತ್ತು. ನವರಾತ್ರಿಯ ಘಟಸ್ಥಾಪನೆಗೆಂದು ಅವ್ವ ದೇವರ ಸಾಮಾನು ತೊಳೆಯಲು ಕೂತಿದ್ದಳು. ಆರತಿ ತಟ್ಟೆ, ಗಂಟೆ, ಸಮಯೆ ದೀಪ ಎಲ್ಲ ತೊಳೆದಿಟ್ಟು, ಅಜ್ಜಿಯ ಕಾಲದ ಒಂದು ಹಿತ್ತಾಳೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇದನ್ನು ಮೇಲಿಡು, ಒದ್ದೆಯಾದೀತು ಎಂದಳು. ಅದರಲ್ಲಿರುವುದು ಕೆಂಪು ಪುಡಿ. ದಸರೆ, ದೀಪಾವಳಿಗೆ ಮಾತ್ರ ಹೊರಗೆ ಬರುವ ಕುಂಕುಮ. ಹುಟ್ಟಿದಾಗಿನಿಂದ ನೋಡಿದ ಡಬ್ಬಿ, ಆದರೆ ಎತ್ತಿ ಹಿಡಿದದ್ದು ಅವತ್ತೇ ಮೊದಲೋ ಏನೋ. ಸುಣ್ಣದ ಡಬ್ಬಿಯಷ್ಟು ಚಿಕ್ಕದು, ಕೈಗೆ ಬಿತ್ತು ನೋಡಿ, ಸೇರಿನ ಕಲ್ಲಿನಂತೆ ಭಾರ.

ಕಲ್ಲುಗಳನ್ನು ಕೈಯಲ್ಲಿ ತೂಗಿ ತೂಗಿ ಬದುಕಿದವಳು ನಾನು. ಅಷ್ಟು ಸಣ್ಣ ಪುಡಿ ಅಷ್ಟು ಭಾರ ಇರಬೇಕಾದರೆ ಅದು ಅರಿಸಿನದ ಕುಂಕುಮ ಅಲ್ಲ. ಇದೇನು ಎಂದು ಅವ್ವನನ್ನು ಕೇಳಿದೆ.

"ಇಂಗಳೀಕ ಅಂತಿದ್ಲು ನಿಮ್ಮಜ್ಜಿ" ಎಂದಳು ಅವ್ವ. "ಎಷ್ಟ ವರ್ಷ ಆದ್ರೂ ಬಣ್ಣ ಹೋಗಂಗಿಲ್ಲ ನೋಡದು."

ಹೋಗುವುದಿಲ್ಲ, ಹೌದು. ಇಂಗಳೀಕ ಎಂದರೆ ಪಾದರಸ ಮತ್ತು ಗಂಧಕ ಕೂಡಿದ ಖನಿಜ. ಹಿಂದಿನ ವರ್ಷದ ಖಂಡೇನವಮಿಗೆ ಅವ್ವ ಇದೇ ಡಬ್ಬಿಯಿಂದ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ, ನಿನ್ನ ಮಷೀನಿಗೂ ಹಚ್ಚು ಎಂದು ಕೊಟ್ಟಿದ್ದಳು. ನಾನು ಅದನ್ನು ಒಯ್ದು ಕಾಕಾನಿಗೆ ಕೊಟ್ಟಿದ್ದೆ. ಉಳಿದ ಹತ್ತು ಪದರಗಳದ್ದು ಅದಕ್ಕೂ ಮುಂಚೆ ಅರೆದಾಗಿತ್ತು, ಏಳನೆಯ ಪದರದ ಮಣ್ಣು ಅರೆದದ್ದು ಮಾತ್ರ ಆ ದಸರೆಯ ಮರುದಿನ.

ಊಟವನ್ನೂ ಮಾಡದೆ ಪ್ರಯೋಗಶಾಲೆಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು ಕುದಿಯಿತು. ಕಾಕಾ ಒಂದು ಕಲ್ಲನ್ನು ಕುಂಚದಿಂದ ಒರೆಸುತ್ತ ಕೂತಿದ್ದರು. ನಾನು ಬಾಯಿಗೆ ಬಂದಂತೆ ಅಂದೆ. ಇಷ್ಟು ವರ್ಷ ಕೆಲಸ ಮಾಡಿ ಇಷ್ಟೂ ತಿಳಿಯಬಾರದೆ, ಅರೆಯುವ ಬಟ್ಟಲಿಗೆ ಕುಂಕುಮ ಹಚ್ಚುವುದೆ, ನನ್ನ ಆರು ವರ್ಷ ನೀರಿನಲ್ಲಿ ಹೋಮ ಮಾಡಿದಿರಲ್ಲ ಎಂದೆಲ್ಲ. ಪಕ್ಕದ ಕೋಣೆಯ ಇಬ್ಬರು ವಿದ್ಯಾರ್ಥಿಗಳು ಬಾಗಿಲಿಗೆ ಬಂದು ಇಣುಕಿ, ನನ್ನ ಮುಖ ನೋಡಿ ವಾಪಸು ಹೋದರು. ಕನ್ನಡ ಬಾರದಿದ್ದರೂ ಬೈಗುಳ ತಿಳಿದಿರಬೇಕು.

ಕಾಕಾ ಎದ್ದು ನಿಂತಿದ್ದರು. ನನ್ನ ಮಾತು ಮುಗಿಯುವವರೆಗೆ ಕೈಯಲ್ಲಿನ ಕುಂಚವನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದ್ದು ಒಂದೇ ಮಾತು.

"ಇನ್ನೊಂದು ತುಂಡ ಐತಲ್ರಿ ಮೇಡಂ. ಬಟ್ಟಲಾ ಹೊಸಾದು ತಗೊಂಡ ಅರೀತೀನಿ."

ನಾನು ಹೊರಗೆ ಹಾಕಿ ಎಂದಿದ್ದ ಆ ಮಾವಿನ ಪೆಟ್ಟಿಗೆಗಳು. ಏಳನೆಯ ಪದರದ ಅರ್ಧ ಕಲ್ಲು ಅಲ್ಲೇ, ಪೇಪರಿನಲ್ಲಿ ಬೆಚ್ಚಗೆ ಕೂತಿತ್ತು. ನನಗೆ ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಏನಾದರೂ ಮಾಡಿ ಎಂದು ನನ್ನ ಕೋಣೆಗೆ ಹೋದೆ.

ಅಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಆ ಒಪ್ಪಿಗೆಯ ಗುಂಡಿ ನನ್ನನ್ನೇ ನೋಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಒತ್ತಿಬಿಡೋಣ ಎನಿಸಿತು. ಚಿಟಿಕೆ ಕುಂಕುಮ ಅಷ್ಟು ಮಾಡೀತೆ? ಮಾಡಿದ್ದರೂ ಯಾರಿಗೆ ತಿಳಿಯುತ್ತದೆ? ಇಡೀ ಜಗತ್ತಿನಲ್ಲಿ ಆ ಡಬ್ಬಿಯ ಭಾರ ಗೊತ್ತಿರುವುದು ನನಗೊಬ್ಬಳಿಗೆ. ಆರು ವರ್ಷ ಬಿಸಿಲಲ್ಲಿ ಘಾಟು ಹತ್ತಿದ್ದು, ಲಾರಿಯವರಿಂದ ಬೈಸಿಕೊಂಡದ್ದು ಎಲ್ಲ ನೆನಪಾಯಿತು. ಕೊನೆಗೆ, ಹಿಂದಿನ ವರ್ಷ ಏನೇನಾಯಿತು ಎಂದು ಖಚಿತ ಮಾಡಿಕೊಳ್ಳಬೇಕೆಂದು, ನಿಜ ಹೇಳಬೇಕೆಂದರೆ ಕಾಕಾನ ತಪ್ಪನ್ನು ಕಾಗದದ ಮೇಲೆ ಹಿಡಿಯಬೇಕೆಂದು, ಯಂತ್ರದ ದಫ್ತರವನ್ನು ತರಿಸಿಕೊಂಡೆ.

ಅದು ಉದ್ದನೆಯ ಹಳೆಯ ಪುಸ್ತಕ. ತಾರೀಖು, ಕಲ್ಲಿನ ನಂಬರು, ಮಾಡಿದ ಕೆಲಸ, ಯಾರು ಮಾಡಿದ್ದು ಎಂದು ನಾಲ್ಕು ಕಾಲಂ. ಒಂದು ದಿನ ತಪ್ಪದೆ ಕಾಕಾನ ಗುಂಡು ಗುಂಡು ಮರಾಠಿ ಅಕ್ಷರ. ಹಿಂದಿನ ವರ್ಷದ ದಸರೆಯ ಪುಟ ತೆಗೆದೆ. ಖಂಡೇನವಮಿಯ ಮುಂಚಿನಿಂದ ಐದು ದಿನ ಅಡ್ಡಗೆರೆ ಎಳೆದು "ರಜೆ" ಎಂದು ಬರೆದಿತ್ತು. ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಊರಿಗೆ ಹೋಗಿದ್ದರು. ಅದರ ಕೆಳಗೆ, ಅವರು ವಾಪಸು ಬಂದ ಬೆಳಿಗ್ಗೆಯ ಸಾಲು ಹೀಗಿತ್ತು: ಪೂಜೆ ಆಗಿದೆ. ಬಟ್ಟಲ ಒಳಗೆ ಕುಂಕುಮ. ಸ್ಪಿರಿಟಿನಿಂದ ಎರಡು ಸಲ ತೊಳೆದೆ. ಮುಚ್ಚಳದ ರಬ್ಬರಿನ ಸಂದಿ ಕೆಂಪು ಹೋಗಲಿಲ್ಲ. ಅದರ ಮುಂದಿನ ಸಾಲಿನಲ್ಲಿ ಏಳನೆಯ ಪದರದ ನಂಬರು.

ಪೂಜೆಯ ಸಾಲಿನಲ್ಲಿ "ಯಾರು" ಎನ್ನುವ ಕಾಲಂ ಖಾಲಿ ಇತ್ತು. ಇಡೀ ಪುಸ್ತಕದಲ್ಲಿ ಅದೊಂದೇ ಖಾಲಿ.

ಆಗ ನೆನಪಾಯಿತು, ಎಲ್ಲ ಒಮ್ಮೆಲೇ. ಕಾಕಾ ಇರಲಿಲ್ಲ. ಪೂಜೆ ಮಾಡಿದವಳು ನಾನು. ಹೊರಗೆ ಬಣ್ಣದ ತಗಡಿಗೆ ಹಚ್ಚಿದರೆ ಏನು ಬಂತು, ನಿಜವಾದ ಆಯುಧ ಅರೆಯುವ ಬಟ್ಟಲೇ ಅಲ್ಲವೇ ಎಂದು ಜಾಣತನ ತೋರಿಸಿ, ಅಜ್ಜಿಯ ಇಂಗಳೀಕವನ್ನು ಬಟ್ಟಲಿನ ಒಳಗೇ ಹಚ್ಚಿ ಕೈಮುಗಿದವಳು ನಾನು. ದಸರೆ ಮುಗಿದು ಕಾಕಾ ಬಂದಾಗ, ಅಜ್ಜಿಯ ಕುಂಕುಮದಿಂದ ಪೂಜೆ ಆಗಿದೆ, ಇನ್ನು ಅರೆಯಿರಿ ಎಂದು ಹೆಮ್ಮೆಯಿಂದ ಹೇಳಿದವಳೂ ನಾನೇ. ಆರೂವರೆ ಕೋಟಿ ವರ್ಷದ ಹಿಂದಿನದು ಹೇಳುತ್ತೇನೆಂದು ಓಡಾಡುವವಳಿಗೆ ಒಂದು ವರ್ಷದ ಹಿಂದೆ ತನ್ನ ಕೈ ಮಾಡಿದ್ದು ನೆನಪಿರಲಿಲ್ಲ. ಪುಡಿಯನ್ನು ಕಾಕಾನಿಗೆ ಕೊಟ್ಟೆ ಎಂದೇ ಮನಸ್ಸು ಬರೆದುಕೊಂಡಿತ್ತು.

ಕಾಕಾ ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿ ಜೋಳದ ಭಕ್ಕರಿ ತಿನ್ನುತ್ತಿದ್ದರು. ದಫ್ತರ ಹಿಡಿದುಕೊಂಡೇ ಹೋದೆ. ನನ್ನ ಕೈಯಲ್ಲಿ ಅದನ್ನು ಕಂಡು ಅವರಿಗೆ ತಿಳಿಯಿತು. ನಾನು ಹಚ್ಚಿದ್ದು ಎಂದು ಯಾಕೆ ಹೇಳಲಿಲ್ಲ, ನಾನು ಅಷ್ಟು ಅಂದರೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

ಅವರು ತುತ್ತು ನುಂಗಿ, ನೀರು ಕುಡಿದು, ಸಾವಕಾಶ ಹೇಳಿದರು. "ಅಜ್ಜೀದು ಅಂತ ನೀವ ಹೇಳಿದ್ರಿ. ಅಜ್ಜಿ ಕುಂಕುಮಕ್ಕ ಹೊಲಸು ಅಂತ ನಾ ಹೆಂಗ ಅನ್ಲಿ? ಬರಿಯೋದ ಬರದಿಟ್ಟಿದ್ದೆ. ನೀವು ಯಾವಾಗರ ಓದ್ತೀರಿ ಅಂತಿದ್ದೆ."

ತಪ್ಪಾಯಿತು ಕಾಕಾ ಎಂದೆ. ಇಪ್ಪತ್ತು ವರ್ಷದಲ್ಲಿ ಆ ಮಾತು ನಾನು ಅವರಿಗೆ ಹೇಳಿದ್ದು ಅದೇ ಮೊದಲು. ಅವರಿಗೆ ನನಗಿಂತ ಹೆಚ್ಚು ಮುಜುಗರವಾಗಿ, ಡಬ್ಬಿಯ ಮುಚ್ಚಳದಲ್ಲಿ ಅರ್ಧ ಭಕ್ಕರಿ, ಶೇಂಗಾ ಚಟ್ನಿ ಇಟ್ಟು ನನ್ನ ಕಡೆ ಸರಿಸಿದರು. ಮುಂಜಾನೆಯಿಂದ ಉಪವಾಸ ಇದ್ದವಳು ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದೆ. ಚಟ್ನಿ ಭಾಳ ಖಾರ ಇತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಮಾಡಿದೆ.

ಉಳಿದ ಅರ್ಧ ಕಲ್ಲನ್ನು ಹೊಸ ಬಟ್ಟಲಲ್ಲಿ ಅರೆದೆವು. ಉತ್ತರ ಬರಲು ಒಂದು ವಾರ. ಆ ವಾರದಲ್ಲಿ ನಾನು ಎಷ್ಟು ದೇವರಿಗೆ ಬೇಡಿಕೊಂಡೆನೋ, ಏನೆಂದು ಬೇಡಿಕೊಂಡೆನೋ ಹೇಳಲಾರೆ. ಏಳನೆಯ ಪದರದ ಪಾದರಸ ಉಳಿದ ಹತ್ತರಷ್ಟೇ ಇತ್ತು. ಆಕಾಶಕ್ಕೆ ಹೋಗಿದ್ದ ಗೆರೆ ಒಡಹುಟ್ಟಿದವರ ಸಾಲಿನಲ್ಲಿ ಬಂದು ತಲೆತಗ್ಗಿಸಿ ಕೂತಿತು. ನನ್ನ ಮಹಾ ಸ್ಫೋಟ ಅಜ್ಜಿಯ ಡಬ್ಬಿಯಲ್ಲಿ ಆದದ್ದು.

ಅವತ್ತೇ ಪತ್ರಿಕೆಗೆ ಬರೆದೆ. ತಪ್ಪು ಹೇಗಾಯಿತೆಂದು ಮುಚ್ಚುಮರೆ ಇಲ್ಲದೆ ತಿಳಿಸಿ, ಲೇಖನ ವಾಪಸು ಪಡೆದೆ. ಸಂಕಟವಾಗಲಿಲ್ಲ ಎಂದರೆ ಯಾರೂ ನಂಬಬೇಡಿ. ಎರಡು ದಿನ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಅವ್ವನಿಗೆ ವಿಷಯ ಬಿಡಿಸಿ ಹೇಳಿದಾಗ ಅವಳು ತನ್ನ ಹಣೆ ಮುಟ್ಟಿಕೊಂಡು, ಕಲ್ಲಿಗೆ ಹತ್ತಿದ್ದು ಒಂದು ವರ್ಷದಲ್ಲಿ ಕಂಡಿತು, ನಮ್ಮ ಹಣೆಗೆ ಹತ್ತಿದ್ದು ಇಷ್ಟು ವರ್ಷ ಯಾರಿಗೂ ಕಾಣಲಿಲ್ಲವಲ್ಲ ಎಂದಳು. ಆ ಡಬ್ಬಿಯನ್ನು ಗಾಜಿನ ಶೀಶೆಯಲ್ಲಿಟ್ಟು ಬಿಗಿದು ಪ್ರಯೋಗಶಾಲೆಯ ಬೀರುವಿಗೆ ಸೇರಿಸಿದೆ. ವೈದ್ಯರಿಗೂ ತೋರಿಸಿದೆ, ಅವ್ವ ಗಟ್ಟಿಮುಟ್ಟಾಗಿಯೇ ಇದ್ದಳು. ಅಷ್ಟಕ್ಕೆ ಬಿಡದೆ ಅವಳೇ ಅರಿಸಿನ, ನಿಂಬೆರಸ, ಬಿಳಿಗಾರ ಹಾಕಿ ಹೊಸ ಕುಂಕುಮ ಮಾಡಿ, ಮೊದಲು ನಿನ್ನ ಮಷೀನಿನಲ್ಲಿ ನೋಡಿ ಬಾ, ಆಮೇಲೆ ದೇವರಿಗೆ ಎಂದು ಕಳಿಸಿದಳು. ನೋಡಿದೆ, ಚೊಕ್ಕವಾಗಿತ್ತು.

ಆಮೇಲೆ ಅದೇ ಹನ್ನೊಂದು ಪದರಗಳನ್ನು ಬೇರೆ ಕಣ್ಣಿನಿಂದ ಓದಿದೆ. ಪಾದರಸ ಬಿಟ್ಟು ಅವುಗಳ ಜೇಡಿಮಣ್ಣನ್ನು ನೋಡಿದೆ. ಕೆಳಗಿನಿಂದ ಮೇಲಕ್ಕೆ ಹೋದಂತೆ ಬಿಸಿಲು ಬಲಿತದ್ದು, ಮಳೆ ಹದ ತಪ್ಪಿದ್ದು ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಬರೆದಿತ್ತು. ಒಮ್ಮೆಲೇ ಬಂದ ಪ್ರಳಯ ಅಲ್ಲ, ಮೆಲ್ಲಗೆ ಕೆಟ್ಟ ಹವೆ. ಜಗತ್ತು ಬೆರಗಾಗುವಂಥದ್ದಲ್ಲ. ಆದರೆ ಅದರ ಮೇಲೆ ಕೂತರೆ ಮುರಿಯುವುದಿಲ್ಲ. ಒಂದು ಸಣ್ಣ ಪತ್ರಿಕೆಯಲ್ಲಿ ಬಂತು, ನನ್ನ ಹೆಸರಿನ ಪಕ್ಕದಲ್ಲಿ ಕಾಕಾನ ಹೆಸರು. ಅದರ ಒಂದು ಪ್ರತಿ ಅಕ್ಕಲಕೋಟೆಯಲ್ಲಿ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ ಎಂದು ಕೇಳಿದ್ದೇನೆ. ದೊಡ್ಡ ಪತ್ರಿಕೆಯಲ್ಲಿ ಬಂದಿದ್ದರೆ ನಾನು ಈಗಿನಷ್ಟು ನಿದ್ದೆ ಮಾಡುತ್ತಿರಲಿಲ್ಲ, ಅದು ಖಾತ್ರಿ.

ಮರುವರ್ಷದ ದಸರೆಗೆ ಕಾಕಾನ ನಿವೃತ್ತಿ. ಖಂಡೇನವಮಿಯೇ ಅವರ ಕೊನೆಯ ಕೆಲಸದ ದಿನ. ಪೂಜೆ ಅವರೇ ಮಾಡಿದರು, ಭಂಡಾರ ಹೊರಮೈಗೆ, ಕಾಯಿ ಮೆಟ್ಟಿಲ ಮೇಲೆ. ಅವ್ವನೂ ಬಂದಿದ್ದಳು, ರಿಕ್ಷಾದಲ್ಲಿ. ತಾನು ಮಾಡಿದ ಕುಂಕುಮವನ್ನು ಕಾಕಾನ ಹಣೆಗೆ ಹಚ್ಚಿದಳು, ಯಂತ್ರದ ಹತ್ತಿರ ಮಾತ್ರ ಸುಳಿಯಲಿಲ್ಲ.

ಆಮೇಲೆ ಕಾಕಾ ದಫ್ತರ ಒಪ್ಪಿಸಲು ನನ್ನ ಕೋಣೆಗೆ ಬಂದರು. ಕೊಡುವವರು ತಗೊಳ್ಳುವವರು ಇಬ್ಬರೂ ಎದುರೆದುರು ಕೂತು, ಪ್ರತಿ ಪುಟ ತಿರುವಿ, ಯಾವ ಕಾಲಮೂ ಖಾಲಿ ಇಲ್ಲ ಎಂದು ನೋಡಿ ಕೊನೆಯಲ್ಲಿ ಸಹಿ ಹಾಕುವುದು ಪದ್ಧತಿ. ಕಾಕಾ ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಪುಟ ತಿರುವಿದರು. ಒಂದು ಪುಟಕ್ಕೆ ಬಂದು ನಿಲ್ಲಿಸಿದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ತಮ್ಮ ಜೇಬಿನ ಪೆನ್ನಿನ ಟೊಪ್ಪಿಗೆ ತೆಗೆದು ಪಕ್ಕದಲ್ಲಿಟ್ಟರು.

ಪೂಜೆಯ ಸಾಲಿನ ಮುಂದಿನ ಆ ಖಾಲಿ ಕಾಲಮಿನಲ್ಲಿ, ಅವರಿಗೆ ಓದಲು ಬರಲೆಂದು ಮರಾಠಿ ಅಕ್ಷರದಲ್ಲಿ, ನನ್ನ ಹೆಸರು ಬರೆದೆ. ಕಾಕಾ ಮಸಿ ಆರಲೆಂದು ಮೆಲ್ಲಗೆ ಊದಿ, ಕೊನೆಯ ಪುಟ ತೆಗೆದು ಸಹಿ ಹಾಕಿದರು.